ಹೋರಿಯ ಓಟವೂ ಗಣಕದ ಆಟವೂ

ಬಲಿಪಾಡ್ಯಮಿ ಕಳೆದ ಮೇಲೆ ಆನವಟ್ಟಿಯ ಕಡೆಗೆ ಹೋಗುವವರು ಒಂದು ಶಿಷ್ಟಾಚಾರವನ್ನು ತಿಳಿದಿರಬೇಕು. ಆ ದಿನಗಳಲ್ಲಿ ಅಲ್ಲಿ ಮನೆಯ ಯಜಮಾನನ ಕ್ಷೇಮವನ್ನು ಕೇಳುವುದಕ್ಕೆ ಮುಂಚೆ ಕೊಟ್ಟಿಗೆಯ ಹೋರಿಯ ಕ್ಷೇಮವನ್ನು ಕೇಳಬೇಕು. ಸೊರಬ, ಶಿಕಾರಿಪುರದ ಸೀಮೆಯಲ್ಲಿಯೂ, ನೆರೆಯ ಹಾನಗಲ್ಲು, ಹಾವೇರಿಯ ಕಡೆಯಲ್ಲಿಯೂ ಹೋರಿ ಬೆದರಿಸುವ ಹಬ್ಬವೆಂದರೆ ಊರಿಗೆ ಊರೇ ಬೀದಿಗೆ ಬಂದು ನಿಲ್ಲುವ ಹಬ್ಬ. ಕೊರಳಲ್ಲಿ ಕೊಬ್ಬರಿಯ ಹಾರ, ಮೈಮೇಲೆ ಬಣ್ಣದ ಜೂಲ, ಕೊಂಬಿಗೆ ಬಲೂನು. ಹೀಗೆ ಸಿಂಗರಿಸಿಕೊಂಡ ಹೋರಿ ಇಕ್ಕೆಲದ ಜನಜಂಗುಳಿಯ ನಡುವೆ ಬಿಟ್ಟ ಬಾಣದಂತೆ ಹೊರಡುತ್ತದೆ. ಎದೆಗಾರರು ಕೊಬ್ಬರಿಯನ್ನು ಹರಿಯಲು ನುಗ್ಗುತ್ತಾರೆ. ಹರಿಯಗೊಡದೆ ದಾಟಿದ ಹೋರಿಗೆ ಜಯಕಾರ. ಎಲ್ಲವೂ ಮುಗಿಯಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷಕ್ಕಾಗಿ ಒಂದು ಸಂಸಾರ ವರ್ಷವೆಲ್ಲ ಹುರುಳಿ, ಹಿಂಡಿ ಎಂದು ಹೊಂಚಿರುತ್ತದೆ.

ನಮ್ಮ ಅಕ್ಕನ ಮನೆಯಿರುವುದು ಆ ಸೀಮೆಯಲ್ಲಿ. ಭಾವನವರಿಗೆ ಒಂದು ಹೋರಿಯಿತ್ತು. ಅದಕ್ಕೆ ಊರವರು ಇಟ್ಟ ಬಿರುದು ಬೇರೆ. ಭಾವನವರು ಮಾತ್ರ 'ಮಗಾ' ಎಂದೇ ಕರೆಯುತ್ತಿದ್ದರು. ಮೂರು ವರ್ಷಗಳ ಹಿಂದಿನ ಹಬ್ಬದಲ್ಲಿ ಅದು ಕೊಬ್ಬರಿಯ ಒಂದು ಹೋಳನ್ನೂ ಬಿಟ್ಟುಕೊಡದೆ ಓಡಿತು. ಬೆಂಗಳೂರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿರುವ ಅಕ್ಕನ ಮಗ ಅದನ್ನು ತನ್ನ ಮೊಬೈಲಿನಲ್ಲಿ ಚಿತ್ರಿಸಿದ. ಸಂಜೆಯೊಳಗೆ ಅದು ಸಂದೇಶದ ಮೂಲಕ ಬಂಧುಬಳಗದವರಿಗೆಲ್ಲ ತಲುಪಿತು. ಮೊಬೈಲಿನಲ್ಲಿ ಜಾಗ ಸಾಲದೆಂದು ಹುಡುಗ ಮೂಲವನ್ನು ಅಳಿಸಿಹಾಕಿದ. "ಹೇಗೂ ಎಲ್ಲರ ಹತ್ತಿರವೂ ಇದೆಯಲ್ಲ" ಎಂದು ನಾನೂ ಅನುಮೋದಿಸಿದೆ. ತಪ್ಪಿನಲ್ಲಿ ನನಗೂ ಪಾಲಿದೆ.

ಮರುವರ್ಷ ಆ ಹೋರಿ ಕಾಯಿಲೆಯಿಂದ ಸತ್ತಿತು. ದುಃಖ ಸ್ವಲ್ಪ ಇಳಿದ ಮೇಲೆ ಭಾವನವರು, "ಆ ಓಟವನ್ನು ದೊಡ್ಡ ಟಿ.ವಿ.ಯಲ್ಲಿ ಒಮ್ಮೆ ತೋರಿಸು" ಎಂದು ಮಗನನ್ನು ಕೇಳಿದರು. ತೋರಿಸಿದ. ಅಂಗೈಯಗಲದ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಚಿತ್ರ ಗೋಡೆಯಗಲವಾದೊಡನೆ ಕದಡಿಹೋಯಿತು. ಧೂಳೆದ್ದ ಕಡೆ ಚೌಕುಳಿ ಚೌಕುಳಿ. ಕೊಬ್ಬರಿಯ ಹಾರವಿದ್ದ ಕಡೆ ಒಂದು ಬಿಳಿಯ ಕಲೆ. ಕಣ್ಣೆಲ್ಲಿ, ಕೊಂಬೆಲ್ಲಿ? ಭಾವನವರು ಬಹಳ ಹೊತ್ತು ನೋಡಿ, "ಇದು ನಮ್ಮ ಹೋರಿಯೋ, ಮಳೆಯಲ್ಲಿ ನೆನೆದ ಬಣ್ಣದ ಕಾಗದವೋ?" ಎಂದರು. ಹುಡುಗ ತಲೆಯೆತ್ತಲಿಲ್ಲ.

ಇದೇ ಹುಡುಗನಿಗೆ ಗಣಕದಲ್ಲಿ ಮೋಟಾರುಪಂದ್ಯದ ಆಟವಾಡುವ ಹವ್ಯಾಸ. ತನ್ನ ಆಟವನ್ನು ದಾಖಲೆ ಮಾಡಿ ಗೆಳೆಯರಿಗೆ ತೋರಿಸುವುದೂ ಉಂಟು. ಅಂದಿನಿಂದ ಅವನು ಚಿತ್ರದ ದಾಖಲೆಯ ವಿಷಯವನ್ನು ಪಾಠಕ್ಕಿಂತ ಹೆಚ್ಚಿನ ಶ್ರದ್ಧೆಯಿಂದ ಓದತೊಡಗಿದ. ಅವನು ಕಲಿತದ್ದನ್ನು, ನಾನು ಅವನಿಂದ ಕಲಿತದ್ದನ್ನು, ವಾಚಕರ ಮುಂದಿಡುವುದು ಈ ವಾರದ ಉದ್ದೇಶ. ಆಟ ಹೋರಿಯದಾಗಲಿ, ಗಣಕದ್ದಾಗಲಿ, ನಿಯಮ ಒಂದೇ.

ಇಪ್ಪತ್ತೆರಡು ಸಾವಿರದ ಗಂಟು

ಮೊದಲು ಲೆಕ್ಕ. ಇಂದು ರೂಢಿಯಲ್ಲಿರುವ ಪೂರ್ಣ ಎಚ್.ಡಿ. ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಒಟ್ಟು ಇಪ್ಪತ್ತು ಲಕ್ಷಕ್ಕೆ ಮೇಲೆ. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಸೆಕೆಂಡಿಗೆ 60 ಚಿತ್ರಗಳೆಂದರೆ ಸುಮಾರು 373 ಮೆಗಾಬೈಟ್. ಒಂದು ನಿಮಿಷಕ್ಕೆ 22,400 ಮೆಗಾಬೈಟ್! ಕೆಲವೇ ನಿಮಿಷಗಳಲ್ಲಿ ಸಾಧಾರಣ ಮೊಬೈಲಿನ ಉಗ್ರಾಣ ತುಂಬಿ ತುಳುಕೀತು. ಆದರೆ ಅದೇ ಒಂದು ನಿಮಿಷವನ್ನು ಸೆಕೆಂಡಿಗೆ 12 ಮೆಗಾಬಿಟ್ಟಿನಂತೆ ಅಡಕಮಾಡಿದರೆ 90 ಮೆಗಾಬೈಟಿನಲ್ಲಿ ಮುಗಿಯುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟ್ ಎಂಬುದನ್ನು ಮರೆಯಬಾರದು. ಈ ಎರಡನ್ನು ಒಂದೆಂದು ಭಾವಿಸಿ ಎಡವಿದವರು ಬಹಳ. ಅಂತೂ ಇನ್ನೂರೈವತ್ತು ಮೂಟೆಯ ಸರಕನ್ನು ಒಂದು ಮೂಟೆಗೆ ಇಳಿಸಿದಂತಾಯಿತು.

ಇದು ಸಾಧ್ಯವಾದದ್ದು ಹೇಗೆ? ಉಪಾಯಗಳು ಮುಖ್ಯವಾಗಿ ಮೂರು. ಮೊದಲನೆಯದು, ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸದು. ಆದುದರಿಂದ ಬಣ್ಣದ ವಿವರವನ್ನು ನಾಲ್ಕು ಚುಕ್ಕೆಗಳಿಗೆ ಒಮ್ಮೆ ಬರೆದಿಟ್ಟರೆ ಸಾಕು. ಇದರಿಂದಲೇ ಅರ್ಧ ಭಾರ ಇಳಿಯುತ್ತದೆ. ಎರಡನೆಯದು, ಒಂದು ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಕಣ್ಣಿಗೆ ಅಗತ್ಯವಾದ ಸ್ಥೂಲ ಏರಿಳಿತಗಳನ್ನು ಉಳಿಸಿಕೊಂಡು, ಅತಿ ಸೂಕ್ಷ್ಮವಾದವನ್ನು ಕೈಬಿಡುವುದು. ಮೂರನೆಯದು, ಪ್ರತಿಯೊಂದು ಚಿತ್ರವನ್ನೂ ಪೂರ್ಣವಾಗಿ ಬರೆಯದೆ, ಹಿಂದಿನ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆಯುವುದು. ಆಗಾಗ ಒಂದು ಪೂರ್ಣಚಿತ್ರ. ನಡುವೆ ಬರಿಯ ವ್ಯತ್ಯಾಸಗಳು.

ಆನವಟ್ಟಿಯ ಹತ್ತಿರದ ಕುಬಟೂರಿನಲ್ಲಿ ಕೈಟಭೇಶ್ವರನ ದೇವಾಲಯವಿದೆ. ಅದರ ಕಂಬಗಳು ಒಂಬೈನೂರು ವರ್ಷಗಳಿಂದ ನಿಂತಲ್ಲಿಯೇ ನಿಂತಿವೆ. ಕ್ಯಾಮರಾವನ್ನು ಅಲುಗಿಸದೆ ಅವನ್ನು ಚಿತ್ರಿಸಿದರೆ ಯಂತ್ರಕ್ಕೆ ಕೆಲಸವೇ ಇಲ್ಲ. ಒಮ್ಮೆ ಬರೆದು 'ಮೊದಲಿನಂತೆಯೇ' ಎಂದು ಷರಾ ಹಾಕುತ್ತ ಹೋದರಾಯಿತು. ಆದರೆ ಹೋರಿಯ ಹಬ್ಬದಲ್ಲಿ ಏನಿದೆ? ಧೂಳು, ಹಾರುವ ಬಣ್ಣದ ಕಾಗದ, ಕೈ ಬೀಸುವ ಸಾವಿರ ಜನ, ಅದರ ಮೇಲೆ ಚಿತ್ರಿಸುವವನ ನಡುಗುವ ಕೈ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಸಾಮ್ಯವೇ ಕಡಿಮೆ. ಗಣಕದ ಆಟದಲ್ಲಿ ಮಳೆ, ಹುಲ್ಲುಗಾವಲು, ಸಿಡಿಯುವ ಕಿಡಿಗಳು ಬಂದಾಗಲೂ ಇದೇ ಪಾಡು. ಕೊಟ್ಟ ಬಿಟ್ಟುಗಳು ಸಾಲದಾದಾಗ ಯಂತ್ರ ಸೂಕ್ಷ್ಮಗಳನ್ನೆಲ್ಲ ಕೈಬಿಟ್ಟು ಚೌಕಗಳ ಅಂಚನ್ನೇ ತೋರಿಸುತ್ತದೆ. ನಮ್ಮ ಭಾವನವರು ಕಂಡ ಚೌಕುಳಿಗಳ ಜನ್ಮರಹಸ್ಯ ಇದು. ಸಂದೇಶ ಸಾಗಿಸುವ ಸಾಧನ ನಮ್ಮ ಅರ್ಧ ನಿಮಿಷದ ಓಟವನ್ನು, ಬೇಗ ಸಾಗಲೆಂದು, ಮತ್ತೊಮ್ಮೆ ಹಿಂಡಿತ್ತು.

ಬೆಂಗಳೂರಿನಿಂದ ಹೋದವರು

ಎರಡನೆಯ ಉಪಾಯದ ಹಿಂದೆ ನಮ್ಮ ನಾಡಿನವರೊಬ್ಬರಿದ್ದಾರೆ ಎಂಬುದು ಬಹು ಜನಕ್ಕೆ ತಿಳಿಯದು. ನಾಸಿರ್ ಅಹಮದ್ ಅವರು ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಹೆಚ್ಚಿನ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ಹೋದರು. ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, 1972ರಲ್ಲಿ, ಚಿತ್ರದ ಏರಿಳಿತಗಳನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುವ ವಿಧಾನವನ್ನು ಅಭ್ಯಾಸ ಮಾಡಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯವನ್ನು ಬೇಡಿದರು. ಸಹಾಯ ದೊರೆಯಲಿಲ್ಲ. ಆದರೂ ಬಿಡದೆ, ಶಿಷ್ಯ ಟಿ. ನಟರಾಜನ್, ಸ್ನೇಹಿತ ಕೆ. ಆರ್. ರಾವ್ ಅವರೊಡನೆ ಕೆಲಸ ಮುಂದುವರಿಸಿ 1974ರ ಜನವರಿಯಲ್ಲಿ ಪ್ರಬಂಧವನ್ನು ಪ್ರಕಟಿಸಿದರು. 1992ರ ಜೆಪೆಗ್ ಛಾಯಾಚಿತ್ರದಿಂದ ಹಿಡಿದು ಇಂದಿನ ಮೊಬೈಲಿನ ಚಲಚ್ಚಿತ್ರದವರೆಗೆ ಆ ಗಣಿತದ ಬೇರು ಹರಡಿದೆ. ಹಣ ಸಿಗದ ಒಂದು ಯೋಚನೆ ಲೋಕದ ಹಣವನ್ನೆಷ್ಟು ಉಳಿಸಿತೆಂದು ಲೆಕ್ಕ ಹಾಕಿದವರಾರು!

ಭರಣಿ ಬೇರೆ, ಉಪ್ಪಿನಕಾಯಿ ಬೇರೆ

ಈಗ ಕಡತದ ಬಗೆ. 'ಎಂಪಿ4 ಒಳ್ಳೆಯದೋ, ಎಚ್.264 ಒಳ್ಳೆಯದೋ?' ಎಂದು ಕೇಳುವವರುಂಟು. ಇದು 'ಭರಣಿ ರುಚಿಯೋ, ಉಪ್ಪಿನಕಾಯಿ ರುಚಿಯೋ?' ಎಂದು ಕೇಳಿದಂತೆ. ಎಂಪಿ4, ಎಂಕೆವಿ ಎಂಬುವು ಭರಣಿಗಳು. ಚಿತ್ರ, ಧ್ವನಿಗಳನ್ನು ಒಟ್ಟಿಗೆ ಇಡುವ ಪಾತ್ರೆಗಳು. ಎಚ್.264, ಎಚ್.265, ಎವಿ1 ಎಂಬುವು ಉಪ್ಪು ಹಾಕಿದ ಕ್ರಮಗಳು. ಅದೇ ಅಪ್ಪೆಮಿಡಿಯನ್ನು ಒಂದು ಭರಣಿಯಿಂದ ಇನ್ನೊಂದಕ್ಕೆ ತುಂಬಿದರೆ ರುಚಿ ಕೆಡುವುದಿಲ್ಲ. ಹಾಗೆಯೇ ಎಂಕೆವಿಯಲ್ಲಿರುವ ಚಿತ್ರವನ್ನು ಮತ್ತೆ ಹಿಂಡದೆ, ಕ್ಷಣಮಾತ್ರದಲ್ಲಿ, ಎಂಪಿ4 ಪಾತ್ರೆಗೆ ವರ್ಗಾಯಿಸಬಹುದು. ಗುಣ ಒಂದಿಷ್ಟೂ ಕುಗ್ಗದು.

ಭರಣಿಯ ಆಯ್ಕೆಯೂ ಸಾಮಾನ್ಯ ವಿಷಯವಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಹುಡುಗ ರಜೆಗೆ ಊರಿಗೆ ಹೋದಾಗ ಎರಡು ಗಂಟೆ ಮೋಟಾರುಪಂದ್ಯವಾಡಿ ದಾಖಲೆ ಮಾಡುತ್ತಿದ್ದ. ಕೊನೆಯ ಸುತ್ತಿನಲ್ಲಿ ಗುಡುಗು, ವಿದ್ಯುತ್ತು ಹೋಯಿತು. ಬಂದ ಮೇಲೆ ನೋಡಿದರೆ ಕಡತ ಇದೆ, ಭಾರವೂ ಇದೆ, ತೆರೆಯುವುದಿಲ್ಲ. ಕಾರಣವಿಷ್ಟೆ: ಸಾಧಾರಣವಾಗಿ ಎಂಪಿ4ರಲ್ಲಿ, ಯಾವ ಚಿತ್ರ ಎಲ್ಲಿದೆ ಎಂಬ ಅನುಕ್ರಮಣಿಕೆಯನ್ನು ದಾಖಲೆ ಮುಗಿದ ಮೇಲೆಯೇ ಬರೆಯುತ್ತಾರೆ. ಮುಗಿಯುವ ಮೊದಲೇ ದೀಪ ಆರಿದರೆ ಪುಟಸಂಖ್ಯೆಯಿಲ್ಲದ ಬಿಡಿಹಾಳೆಗಳ ರಾಶಿ ಮಾತ್ರ ಉಳಿಯುತ್ತದೆ. ಎಂಕೆವಿಯಾದರೋ ನಡೆದಷ್ಟು ದಾರಿಯನ್ನು ನಡೆದಂತೆಯೇ ಬರೆದಿಡುತ್ತದೆ. ಯಂತ್ರ ನಡುವೆ ನಿಂತರೂ ಅಲ್ಲಿಯವರೆಗಿನದು ನಮ್ಮದು. ಆದುದರಿಂದ ಗಣಕದಲ್ಲಿ ದಾಖಲೆ ಮಾಡುವವರು ಎಂಕೆವಿಯಲ್ಲಿ ಮಾಡಿ, ಅನಂತರ ಎಂಪಿ4ಕ್ಕೆ ವರ್ಗಾಯಿಸುವುದು ಕ್ಷೇಮ. ಉಚಿತವಾಗಿ ದೊರೆಯುವ ಒಬಿಎಸ್ ಸ್ಟುಡಿಯೋ ಎಂಬ ಸಾಧನದಲ್ಲಿ ಈ ವರ್ಗಾವಣೆಯ ಸೌಲಭ್ಯ ಕೈಯಳತೆಯಲ್ಲಿಯೇ ಇದೆ.

ಉಪ್ಪಿನ ಕ್ರಮಗಳಲ್ಲಿ 2003ರ ಎಚ್.264 ಹಿರಿಯಣ್ಣ. ಹಳೆಯ ಟಿ.ವಿ., ಹಳೆಯ ಮೊಬೈಲು, ಎಲ್ಲರ ಮನೆಯಲ್ಲಿಯೂ ಅದಕ್ಕೆ ಪ್ರವೇಶವಿದೆ. 2013ರ ಎಚ್.265, ಸುಮಾರು ಅರ್ಧ ಜಾಗದಲ್ಲಿ ಅದೇ ಗುಣವನ್ನು ಕೊಡಬೇಕೆಂಬ ಗುರಿಯಿಂದ ಹುಟ್ಟಿದ್ದು. 2018ರ ಎವಿ1 ಇನ್ನೂ ಮಿತವ್ಯಯಿ; ಆದರೆ ಹಳೆಯ ಯಂತ್ರಗಳು ಅದನ್ನು ಬಿಡಿಸಲು ಏದುಸಿರು ಬಿಡುತ್ತವೆ. ನಾಲ್ಕು ಊರಿನ ನೆಂಟರಿಗೆ ಹಂಚಬೇಕಾದ್ದಕ್ಕೆ ಎಚ್.264, ತಾನೇ ಇಟ್ಟುಕೊಳ್ಳುವುದಕ್ಕೆ, ಯಂತ್ರ ಹೊಸದಾಗಿದ್ದರೆ, ಎಚ್.265 ಅಥವಾ ಎವಿ1. ಇದು ಒಪ್ಪುವ ನಡೆ.

ಆಯ್ಕೆಯ ಕ್ರಮ

ಗಣಕದಲ್ಲಿ ಆಟವಾಡುವವನ ಮುಂದೆ ಪ್ರಶ್ನೆಗಳು ಸಾಲಾಗಿ ನಿಲ್ಲುತ್ತವೆ. ಹಿಂಡುವ ಕೆಲಸವನ್ನು ಗಣಕದ ಮುಖ್ಯ ಮಿದುಳಿಗೆ ವಹಿಸುವುದೋ, ಚಿತ್ರಗಳಿಗಾಗಿಯೇ ಇರುವ ಗ್ರಾಫಿಕ್ಸ್ ಕಾರ್ಡಿಗೋ? ಮುಖ್ಯ ಮಿದುಳು ನಿಧಾನವಾಗಿ, ಒಪ್ಪವಾಗಿ ಹಿಂಡಬಲ್ಲದು. ಆದರೆ ಆಟವನ್ನೂ ಅದೇ ನಡೆಸಬೇಕಾದ್ದರಿಂದ ಆಟ ಮುಗ್ಗರಿಸುತ್ತದೆ. ಕಾರ್ಡಿನಲ್ಲಿ ಈ ಕೆಲಸಕ್ಕೆಂದೇ ಬೇರೆ ಭಾಗವಿರುತ್ತದೆ. ದಾಖಲೆಯ ಹೊತ್ತಿನಲ್ಲಿ ಅದಕ್ಕೇ ಒಪ್ಪಿಸಿ, ಸ್ವಲ್ಪ ಧಾರಾಳವಾಗಿ ಬಿಟ್ಟುಗಳನ್ನು ಕೊಟ್ಟು, ರಾತ್ರಿ ಗಣಕ ಬಿಡುವಾಗಿದ್ದಾಗ ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಧನದಿಂದ ನಿಧಾನವಾಗಿ ಹಿಂಡಿ ಹಂಚುವ ಪ್ರತಿಯನ್ನು ಮಾಡಿಕೊಳ್ಳುವುದು ಜಾಣತನ.

ಬಿಟ್ಟುಗಳ ಹಂಚಿಕೆಯಲ್ಲಿ ಎರಡು ಪದ್ಧತಿಗಳು. ಒಂದು, ಪ್ರತಿ ಸೆಕೆಂಡಿಗೂ ಇಷ್ಟೇ ಎಂಬ ಪಡಿತರ. ನೇರಪ್ರಸಾರಕ್ಕೆ ಇದು ಬೇಕು. ಏಕೆಂದರೆ ತಂತಿಯ ಅಗಲ ನಿಶ್ಚಿತ. ಇನ್ನೊಂದು, ಗುಣವನ್ನು ನಿಶ್ಚಯಿಸಿ ಬಿಟ್ಟುಗಳನ್ನು ಹಸಿವೆಗೆ ತಕ್ಕಂತೆ ಬಡಿಸುವುದು: ಹೋರಿ ನಿಂತಾಗ ಕಡಿಮೆ, ಓಡಿದಾಗ ಹೆಚ್ಚು. ಮನೆಯಲ್ಲಿ ಇಟ್ಟುಕೊಳ್ಳುವ ದಾಖಲೆಗೆ ಎರಡನೆಯದೇ ಸರಿ. ಎಚ್.264ರ ಎಕ್ಸ್264 ಸಾಧನದಲ್ಲಿ ಇದಕ್ಕೆ ಸಿಆರ್‌ಎಫ್ ಎಂದು ಹೆಸರು. 0ಯಿಂದ 51ರವರೆಗಿನ ಅಳತೆಗೋಲು. ಸಂಖ್ಯೆ ಇಳಿದಷ್ಟೂ ಗುಣ ಹೆಚ್ಚು, ಭಾರವೂ ಹೆಚ್ಚು. ಆರು ಮೆಟ್ಟಿಲು ಇಳಿದರೆ ಕಡತ ಸುಮಾರು ಇಮ್ಮಡಿ. ಏನನ್ನೂ ಹೇಳದಿದ್ದರೆ ಯಂತ್ರ 23ನ್ನು ಹಿಡಿಯುತ್ತದೆ. ಕಾಪಾಡಬೇಕಾದ ಪ್ರತಿಗೆ 18ರ ಆಸುಪಾಸು, ಹಂಚುವ ಪ್ರತಿಗೆ 23. ಇಷ್ಟು ನೆನಪಿಟ್ಟರೆ ಸಾಕು. ಪಡಿತರವೇ ಬೇಕೆಂದವರಿಗೆ ಒಂದು ಸುಳುಹು: ಯೂಟ್ಯೂಬಿಗೆ ಏರಿಸುವ ಪೂರ್ಣ ಎಚ್.ಡಿ. ಚಿತ್ರಕ್ಕೆ ಆ ಸಂಸ್ಥೆಯೇ ಸೂಚಿಸುವುದು ಸೆಕೆಂಡಿಗೆ 30 ಚಿತ್ರವಾದರೆ 8 ಮೆಗಾಬಿಟ್, 60 ಆದರೆ 12.

ಸೆಕೆಂಡಿಗೆ 30 ಚಿತ್ರವೋ, 60 ಚಿತ್ರವೋ? ಚದುರಂಗಕ್ಕೆ, ಮಾತುಕತೆಗೆ 30 ಧಾರಾಳ. ಓಟಕ್ಕೆ, ಹೋರಿಗೆ, ಮೋಟಾರುಪಂದ್ಯಕ್ಕೆ 60 ಬೇಕು. ಜಾಗ ಸಾಲದಿದ್ದರೆ ಚಿತ್ರದ ಅಳತೆಯನ್ನು 1280ಕ್ಕೆ 720 ಎಂದು ಇಳಿಸಿ. ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಉಪವಾಸವಿರುವ ದೊಡ್ಡ ಚಿತ್ರಕ್ಕಿಂತ ಹೊಟ್ಟೆ ತುಂಬಿದ ಸಣ್ಣ ಚಿತ್ರ ನೋಡಲು ಮೇಲು. ಮತ್ತೊಂದು ಮಾತು: ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿದ್ದರೆ ಒಂದು ಕಡತ 4 ಗಿಗಾಬೈಟನ್ನು ಮೀರಲಾರದು. ಟಿ.ವಿ.ಗೆ ಚುಚ್ಚುವ ಮುನ್ನ ಇದನ್ನು ಪರೀಕ್ಷಿಸಿಕೊಳ್ಳಿ.

ಮೊಬೈಲಿನಲ್ಲಿ ಇಷ್ಟೆಲ್ಲ ಸ್ವಾತಂತ್ರ್ಯವಿಲ್ಲ. ಅಳತೆ, ಸೆಕೆಂಡಿನ ಚಿತ್ರಸಂಖ್ಯೆ, ಹಲವದರಲ್ಲಿ ಎಚ್.264, 265ರ ನಡುವಿನ ಆಯ್ಕೆ. ಇಷ್ಟನ್ನು ಮೊದಲೇ ಸರಿಪಡಿಸಿಕೊಳ್ಳಬಹುದು. ಬೆಳಕಿರುವಾಗಲೇ ಚಿತ್ರಿಸುವುದು ಲೇಸು. ಮುಸ್ಸಂಜೆಯ ಚಿತ್ರದಲ್ಲಿ ಕಾಳುಕಾಳಾಗಿ ತೋರುವ ಮಿನುಗು ಪ್ರತಿ ಚಿತ್ರದಲ್ಲಿಯೂ ಬೇರೆಯಾಗಿರುವುದರಿಂದ ಬಿಟ್ಟುಗಳನ್ನು ಸುಮ್ಮನೆ ನುಂಗಿಹಾಕುತ್ತದೆ. ಕೈಯನ್ನು ಕಂಬಕ್ಕೋ ಗೋಡೆಗೋ ಆನಿಸಿ ಹಿಡಿಯಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ಹೋರಿಯ ದಾರಿಯಲ್ಲಿ ನಿಂತು ಚಿತ್ರಿಸಬೇಡಿ. ಈ ಹಬ್ಬದಲ್ಲಿ ನೋಡಲು ಬಂದವರೇ ಪ್ರಾಣ ಕಳೆದುಕೊಂಡ ಪ್ರಸಂಗಗಳು ಈ ಸೀಮೆಯಲ್ಲಿಯೇ ನಡೆದಿವೆ. ಪರದೆಯಲ್ಲಿ ದೂರವಾಗಿ ಕಾಣುವ ಕೊಂಬು ನಿಜದಲ್ಲಿ ಎದೆಯ ಹತ್ತಿರವಿರುತ್ತದೆ. ಗಣಕದ ಆಟದಲ್ಲಿ ಸತ್ತವನು ಗುಂಡಿಯೊತ್ತಿದರೆ ಏಳುತ್ತಾನೆ. ಬೀದಿಯಲ್ಲಿ ಆ ಗುಂಡಿಯಿಲ್ಲ. ಮಾಳಿಗೆಯ ಮೇಲಿನಿಂದ ಚಿತ್ರಿಸಿದರೆ ಹೋರಿಯೂ ಪೂರ್ತಿ ಕಾಣುತ್ತದೆ, ಚಿತ್ರವೂ ಅಲುಗುವುದಿಲ್ಲ.

ಮೂಲಪ್ರತಿ

ಕೊನೆಯ ನಿಯಮ ಅತ್ಯಂತ ಸುಲಭವಾದದ್ದು. ಎಂತಲೇ ಎಲ್ಲರೂ ಮರೆಯುವಂಥದು. ಹಿಂಡಿದ್ದನ್ನು ಮತ್ತೆ ಹಿಂಡಬಾರದು. ಪ್ರತಿಯ ಪ್ರತಿಯ ಪ್ರತಿಯಲ್ಲಿ ಅಕ್ಷರ ಮಸಕಾಗುವಂತೆ, ಪ್ರತಿಯೊಂದು ಹಿಂಡಿಕೆಯಲ್ಲಿಯೂ ಏನೋ ಒಂದಿಷ್ಟು ಹೋಗುತ್ತದೆ; ಹೋದದ್ದು ಯಾವ ಉಪಾಯದಿಂದಲೂ ಬಾರದು. ಕ್ಯಾಮರಾದಿಂದ ಬಂದ ಕಡತವನ್ನು ಎರಡು ಬೇರೆ ಬೇರೆ ಕಡೆಗಳಲ್ಲಿ ಇಟ್ಟು, ಹಂಚುವುದಕ್ಕೆ ಬೇರೆ ಪ್ರತಿಯನ್ನು ಮಾಡಿಕೊಳ್ಳಿ. ಸಂದೇಶದ ಸಾಧನದಲ್ಲಿ ಕಳುಹಿಸಲೇಬೇಕಾದರೆ, ಅನುಕೂಲವಿರುವಲ್ಲಿ, ವಿಡಿಯೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿ. ಆಗ ಅದು ಹಿಂಡದೆ ಇದ್ದಂತೆಯೇ ತಲುಪುತ್ತದೆ.

ಕಳೆದ ದೀಪಾವಳಿಯಲ್ಲಿ ನಮ್ಮ ಹುಡುಗ ಪಕ್ಕದ ಮನೆಯವರ ಹೋರಿಯನ್ನು ಮಾಳಿಗೆಯಿಂದ ಚಿತ್ರಿಸಿದ. ಸೆಕೆಂಡಿಗೆ 60 ಚಿತ್ರ, ಬೆಳಗಿನ ಬಿಸಿಲು, ಅಲುಗದ ಕೈ. ಅಂದೇ ಎರಡು ಕಡೆ ಪ್ರತಿಯಿಟ್ಟು ರಾತ್ರಿ ಟಿ.ವಿ.ಯಲ್ಲಿ ತೋರಿಸಿದ. ಭಾವನವರು ಒಂದೆಡೆ ನಿಲ್ಲಿಸೆಂದರು. ಎದ್ದು ಹೋಗಿ, ಬೆರಳಿಟ್ಟು, ಹಾರದ ಕೊಬ್ಬರಿಗಳನ್ನು ಎಣಿಸಿದರು. "ಹನ್ನೊಂದು. ಒಂದೂ ಹರಿದಿಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ನಮ್ಮದನ್ನು ಹಾಕು" ಎಂದರು.

ಹುಡುಗ ಹಿಂಜರಿಯುತ್ತ ಆ ಕೆಟ್ಟ ಚಿತ್ರವನ್ನೇ ಹಾಕಿದ. ಅದೇ ಚೌಕುಳಿ, ಅದೇ ಬಿಳಿಯ ಕಲೆ. ಆದರೆ ಧ್ವನಿಗೆ ಬೇಕಾಗುವ ಜಾಗ ಚಿತ್ರಕ್ಕೆ ಬೇಕಾದುದರಲ್ಲಿ ಅಲ್ಪಾಂಶ. ಆದ್ದರಿಂದ ಹಿಂಡುವ ಯಂತ್ರ ಅದನ್ನು ಅಷ್ಟಾಗಿ ಪೀಡಿಸಿರಲಿಲ್ಲ. ಜನರ ಗದ್ದಲದ ನಡುವೆ ಭಾವನವರು 'ಮಗಾ, ಮಗಾ' ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಅವರು ಈ ಸಲ ಪರದೆಯನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು.

ಆ ಕಡತವೂ ಈಗ ಎರಡು ಕಡೆ ಭದ್ರವಾಗಿದೆ. ವಾಚಕರು ಇಂದು ರಾತ್ರಿ ಮೊಬೈಲಿನಲ್ಲಿ ಜಾಗವಿಲ್ಲವೆಂದು ಏನನ್ನಾದರೂ ಅಳಿಸಹೊರಟರೆ, ಮೂಲಪ್ರತಿ ಬೇರೆ ಕಡೆ ಇದೆಯೇ ಎಂದು ಒಮ್ಮೆ ನೋಡಿ, ಅನಂತರ ಬೆರಳು ಒತ್ತಲಿ.